ಕೆಂಪು ಹಿಡಿಯದ ಲಿವರ್

"ಇದಕ್ಕೆ ನೇಲ್ ಪಾಲಿಶ್ ಹಚ್ಚಿದ್ದು ಯಾರು?"

ವಿಮೆಯಕ್ಕ ಒಂದು ಗಾಜಿನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಪಟ್ಟಿಯ ನಡುವೆ ಇಲಿಯ ಲಿವರಿನ ಒಂದು ಚೂರು, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ. ಅದರ ಮೇಲೆ ಚಿಕ್ಕದೊಂದು ಗಾಜಿನ ಮುಚ್ಚಳ. ಮುಚ್ಚಳದ ನಾಲ್ಕೂ ಅಂಚಿಗೆ ತಿಳಿಗುಲಾಬಿ ಬಣ್ಣ ಬಳಿದಿತ್ತು.

"ನಾನೇ," ಅಂದಳು ಸಂಶೋಧಕಿ. "ಒಳಗಿರೋದು ನೀರಿನಂಶದ ಅಂಟು. ಗಾಳಿ ತಾಗಿದ್ರೆ ಒಣಗಿ ಹಾಳಾಗುತ್ತೆ. ಅಂಚು ಮುಚ್ಚೋಕೆ ನೇಲ್ ಪಾಲಿಶ್‌ನಷ್ಟು ಒಳ್ಳೇದು ಬೇರೆ ಇಲ್ಲ."

"ಉಗುರಿಗೆ ಹಚ್ಚಿದ್ದು ಕಾಣೆ."

"ಉಗುರಿಗೆ ಹಚ್ಚಿ ಯಾರಿಗೆ ತೋರಿಸ್ಲಿ, ಇಲಿಗಳಿಗಾ?"

ವಿಮೆಯಕ್ಕ ನಕ್ಕಳು, ಪಟ್ಟಿಯನ್ನು ಮಾತ್ರ ಕೆಳಗಿಡಲಿಲ್ಲ. ಫ್ರೀಜರಿನಿಂದ ಮಾಯವಾದ ಔಷಧದ ಸೀಸೆಯನ್ನು ಹುಡುಕಿಕೊಡಿ ಎಂದು ಸಂಶೋಧಕಿಯೇ ಅವಳನ್ನು ಕರೆಸಿದ್ದಳು. ಸೀಸೆಯ ಸುಳಿವು ಇನ್ನೂ ಸಿಕ್ಕಿರಲಿಲ್ಲ. ಸೀಸೆ ಹುಡುಕಲು ಬಂದವಳಿಗೆ ಸ್ಲೈಡುಗಳ ಉಸಾಬರಿ ಯಾಕೆ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಗೊಣಗಿದ್ದರು. ಅವಳ ಉತ್ತರ ಒಂದೇ: "ಕದ್ದೋರು ಯಾರು ಅಂತ ಗೊತ್ತಾಗ್ಬೇಕಾದ್ರೆ, ಕದ್ದಿದ್ದು ಏನು ಅಂತ ಮೊದಲು ಗೊತ್ತಾಗ್ಬೇಕು."

ಬೆಂಕಿ ಬಿದ್ದ ಅಂಗಡಿ, ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿದ್ದೋ ಯಾರಾದರೂ ಹಚ್ಚಿದ್ದೋ ಎಂದು ವಿಮಾ ಕಂಪನಿಗೆ ಹೇಳುವುದು ಅವಳ ಹಳೆಯ ಕೆಲಸ. ಕೆಲಸ ಬಿಟ್ಟಳು, ಹೆಸರು ಅವಳನ್ನು ಬಿಡಲಿಲ್ಲ. ಪ್ರಾಯ ಐವತ್ತು ದಾಟಿದ್ದರೂ ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಚಪಲ ಹೋಗಿರಲಿಲ್ಲ. ಬಂದ ಮೊದಲ ದಿನವೇ ಇಲಿಯೊಂದರಿಂದ ಕಚ್ಚಿಸಿಕೊಂಡಿದ್ದಳು.

"ಫ್ರೀಜರಲ್ಲಿರೋ ಸೀಸೆಗಳ ಕುತ್ತಿಗೆಗೂ ಇದೇ ಗುಲಾಬಿ ಇತ್ತಲ್ಲ?"

"ತೇವ ಒಳಗೆ ಹೋಗ್ದೇ ಇರ್ಲಿ ಅಂತ. ಅದು ನನ್ನದೊಂದು ಹುಚ್ಚು. ಮನೇಲಿ ಉಪ್ಪಿನ ಡಬ್ಬಿಗೂ ಹಚ್ತೀನಿ ಅಂತ ನಮ್ಮಣ್ಣ ರೇಗಿಸ್ತಾನೇ ಇರ್ತಾನೆ."

"ಹಾಗಾದ್ರೆ ಈ ಟ್ರೇಗೆ ಯಾಕಿಲ್ಲ?"

ಮೇಜಿನ ಮೇಲೆ ಎರಡು ಟ್ರೇಗಳಿದ್ದವು. ಎರಡರಲ್ಲೂ ಜಿಡ್ಡಿನ ಆಹಾರ ತಿಂದು ಲಿವರಿನಲ್ಲಿ ಕೊಬ್ಬು ತುಂಬಿಸಿಕೊಂಡ ಇಲಿಗಳದೇ ಸ್ಲೈಡುಗಳು. ಒಂದು ಟ್ರೇಯ ಇಲಿಗಳಿಗೆ ಔಷಧ ಕೊಟ್ಟಿರಲಿಲ್ಲ. ಇನ್ನೊಂದರ ಇಲಿಗಳಿಗೆ ಕೊಟ್ಟಿದ್ದರು. ಔಷಧ ಇಲ್ಲದ ಟ್ರೇಯ ಪ್ರತಿ ಪಟ್ಟಿಗೂ ಗುಲಾಬಿ ಅಂಚು. ಔಷಧದ ಟ್ರೇಯಲ್ಲಿ ಒಂದಕ್ಕೂ ಇಲ್ಲ.

ಸಂಶೋಧಕಿ ಆ ಟ್ರೇಯಿಂದ ಒಂದು ಪಟ್ಟಿ ತೆಗೆದು ಅಂಚನ್ನು ಉಗುರಿನಿಂದ ಕೆರೆದಳು. ಮುಖದ ನಗು ಇಳಿಯಿತು.

"ಇದು ಗಟ್ಟಿ ಅಂಟು. ಕಲ್ಲಾಗಿ ಕೂತಿದೆ."

"ಮಾಡಿದ್ದು ಯಾರು?"

"ಇಸ್ತ್ರಿ. ಆ ವಾರ ಅಣ್ಣನ್ನ ಆಸ್ಪತ್ರೆಗೆ ಸೇರಿಸಿದ್ವಿ. ನಾನು ರಜೆ ಹಾಕಿದ್ದೆ. ಈ ಟ್ರೇನ ನಾನು ಕೈಯಲ್ಲಿ ಹಿಡಿದು ನೋಡ್ತಿರೋದು ಇವತ್ತೇ."

ಇಸ್ತ್ರಿ ಎಂದರೆ ಅವಳ ಸಹೋದ್ಯೋಗಿ. ಅವನ ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ, ಅದಕ್ಕೆ ಆ ಹೆಸರು. ಆಸ್ಪತ್ರೆಯಿಂದ ಬರುವ ರೋಗಿಗಳ ಅಂಗಾಂಶದ ಚೂರುಗಳನ್ನು ಸ್ಲೈಡು ಮಾಡುವುದು ಅವನ ದಿನದ ಕೆಲಸ. ಇಲಿಗಳ ಸಹವಾಸಕ್ಕೆ ಅವನು ಬಂದದ್ದು ಆ ಒಂದು ವಾರ ಮಾತ್ರ.

"ನೋಡೋಣ," ಅಂದಳು ವಿಮೆಯಕ್ಕ. ಅವಳ ದನಿಯಲ್ಲಿ ಮಕ್ಕಳ ಆಸೆ ಇತ್ತು.

ಆ ಮೈಕ್ರೋಸ್ಕೋಪಿಗೆ ಇಬ್ಬರು ಒಟ್ಟಿಗೆ ನೋಡುವಂತೆ ಎರಡು ಕಡೆ ಕಣ್ಣುಗಳಿದ್ದವು. ಇಬ್ಬರೂ ಎದುರುಬದುರು ಕೂತರು. ಶನಿವಾರ ಅರ್ಧ ದಿನದ ಕೆಲಸ. ಉಳಿದವರೆಲ್ಲ ಊಟದ ಹೊತ್ತಿಗೇ ಮನೆ ಸೇರಿದ್ದರು. ಆ ಮಹಡಿಯಲ್ಲಿ ಇದ್ದವರು ಇವರಿಬ್ಬರು, ಮತ್ತು ಕಾರಿಡಾರಿನ ಆ ತುದಿಯಲ್ಲಿ ಇಸ್ತ್ರಿ. ಮಹಡಿಯ ಬಾಗಿಲು ಕಾರ್ಡು ತೋರಿಸದೆ ತೆರೆಯುವಂಥದ್ದಲ್ಲ. ದೊಡ್ಡ ಮೇಷ್ಟ್ರು, ಅಂದರೆ ಇಡೀ ಪ್ರಯೋಗಾಲಯದ ಯಜಮಾನರು, ಸಮ್ಮೇಳನಕ್ಕೆಂದು ಪರ ಊರಿಗೆ ಹೋಗಿದ್ದರು. ಅವರ ಕೋಣೆಗೆ ಬೀಗ ಬಿದ್ದಿದ್ದನ್ನು ವಿಮೆಯಕ್ಕ ಬರುವಾಗಲೇ ಎಳೆದು ನೋಡಿದ್ದಳು.

ಮೊದಲು ಗುಲಾಬಿ ಅಂಚಿನ ಸ್ಲೈಡು. ವಿಮೆಯಕ್ಕ ಕಣ್ಣಿಟ್ಟವಳೇ "ಅಬ್ಬ!" ಅಂದಳು. ತೆಳು ನೀಲಿಯ ಹಾಸಿನ ಮೇಲೆ ಎಲ್ಲೆಲ್ಲೂ ಕೆಂಪು ಹನಿಗಳು. ಕೆಲವು ಸಾಸಿವೆಯಂತೆ, ಕೆಲವು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಂತೆ.

"ಕೆಂಪಗಿರೋದೆಲ್ಲ ಕೊಬ್ಬು," ಅಂದಳು ಸಂಶೋಧಕಿ. "ಆ ಬಣ್ಣ ಕೊಬ್ಬನ್ನು ಬಿಟ್ಟು ಬೇರೇನನ್ನೂ ಹಿಡಿಯಲ್ಲ."

ಆಮೇಲೆ ಇಸ್ತ್ರಿಯ ಸ್ಲೈಡು. ನೀಲಿ ಹಾಸು ಹಾಗೇ ಇತ್ತು. ಕೆಂಪು ಒಂದು ಚುಕ್ಕೆಯೂ ಇರಲಿಲ್ಲ.

ಇದೇ ಆ ದೊಡ್ಡ ಸುದ್ದಿ. ಔಷಧ ಕೊಬ್ಬನ್ನು ಪೂರಾ ಓಡಿಸಿದೆ. ಇದನ್ನು ನಂಬಿಯೇ ಸೋಮವಾರದಿಂದ ಮೊದಲ ರೋಗಿಗಳಿಗೆ ಔಷಧ ಕೊಡಲು ಒಪ್ಪಿಗೆ ಸಿಕ್ಕಿತ್ತು. ಸಂಶೋಧಕಿಯ ಕೈಗೆ ಬಂದದ್ದು ಕಂಪ್ಯೂಟರು ಕೆಂಪನ್ನು ಅಳೆದು ಕೊಟ್ಟ ಅಂಕಿ, ಜೊತೆಗೆ ಒಂದೆರಡು ಚಿತ್ರ. ಅಂಕಿ ಸೊನ್ನೆಗೆ ಹತ್ತಿರವಿತ್ತು. ಅದಕ್ಕಿಂತ ಹೆಚ್ಚು ಅವಳು ಕೇಳಿರಲಿಲ್ಲ.

"ಈ ತೂತುಗಳೇನು?" ವಿಮೆಯಕ್ಕ ಕಣ್ಣು ತೆಗೆಯದೆ ಕೇಳಿದಳು.

"ಮಂಜುಗಡ್ಡೆದು. ಲಿವರನ್ನ ಹೆಪ್ಪುಗಟ್ಟಿಸಿ ಕೊಯ್ತೀವಲ್ಲ, ಒಳಗಿನ ನೀರು ಹರಳಾಗಿ ತೂತು ಬೀಳುತ್ತೆ. ಚಿತ್ರದಲ್ಲೂ ನೋಡಿದ್ದೆ, ಎಲ್ಲ ಕಡೆ ಇರುತ್ತೆ."

"ಹರಳು ಅಂದ್ರೆ ಚೂಪಾಗಿರ್ಬೇಕಲ್ವಾ? ಇವೆಲ್ಲ ಇಷ್ಟು ದುಂಡಗಿವೆಯಲ್ಲ."

ಸಂಶೋಧಕಿ ಮತ್ತೆ ಕಣ್ಣಿಟ್ಟಳು. ಸ್ಲೈಡನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಇನ್ನೊಂದನ್ನು ಹಾಕಿದಳು. ಮತ್ತೊಂದು. ಎಲ್ಲದರಲ್ಲೂ ತೂತುಗಳು, ಕೆಲವು ಸಾಸಿವೆಯಂತೆ, ಕೆಲವು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಂತೆ. ಮೊದಲ ಟ್ರೇಯ ಕೆಂಪು ಹನಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರೆ ಉಳಿಯುವ ಜಾಗ ಹೀಗೇ ಇರುತ್ತಿತ್ತು.

"ಸ್ಪಿರಿಟ್ಟು," ಅಂದಳು ಕೊನೆಗೆ, ತನಗೆ ತಾನೇ ಎಂಬಂತೆ. "ಅಯ್ಯೋ ದೇವರೇ. ಸ್ಪಿರಿಟ್ಟಲ್ಲಿ ಅದ್ದಿದಾನೆ."

"ನಂಗೆ ಅರ್ಥ ಆಗೋ ಹಾಗೆ ಹೇಳಿ."

"ಆಸ್ಪತ್ರೆ ಸ್ಲೈಡುಗಳಿಗೆ ಹಾಕೋದು ಈ ಗಟ್ಟಿ ಅಂಟು. ಅದಕ್ಕೆ ನೀರು ಆಗಲ್ಲ. ಅದಕ್ಕೇ ಅಂಟು ಹಾಕೋ ಮುಂಚೆ ಸ್ಪಿರಿಟ್ಟಲ್ಲಿ ಅದ್ದಿ ಅದ್ದಿ ನೀರು ತೆಗೀತಾರೆ. ಅಲ್ಲಿ ಅದು ಸರಿ. ಆದ್ರೆ ಸ್ಪಿರಿಟ್ಟಿಗೆ ಕೊಬ್ಬು ನಿಲ್ಲಲ್ಲಕ್ಕ, ಕರಗಿ ಹೋಗುತ್ತೆ. ಜೊತೆಗೆ ಕೆಂಪೂ ಹೋಗುತ್ತೆ. ಕೊಬ್ಬಿನ ಸ್ಲೈಡನ್ನ ಯಾವತ್ತೂ ಸ್ಪಿರಿಟ್ಟಿಗೆ ಹಾಕ್ಬಾರ್ದು. ಅದಕ್ಕೇ ಈ ನೀರಿನ ಅಂಟು, ಅದಕ್ಕೇ ಈ ನೇಲ್ ಪಾಲಿಶ್ಶು."

"ಅಂದ್ರೆ ಕೊಬ್ಬನ್ನ ಓಡಿಸಿದ್ದು ಔಷಧ ಅಲ್ಲ."

"ಗೊತ್ತಿಲ್ಲ. ಇದೇ ಲಿವರಿನ ಉಳಿದ ಚೂರು ಫ್ರೀಜರಲ್ಲಿರ್ಬೇಕು. ಈಗ್ಲೇ ಕೊಯ್ದು ನೋಡ್ತೀನಿ."

ಬಾಗಿಲ ಬಳಿ ಗೋಡೆಯ ಕೊಕ್ಕೆಗಳಲ್ಲಿ ಬಿಳಿ ಕೋಟುಗಳು ನೇತಾಡುತ್ತಿದ್ದವು. ಸಂಶೋಧಕಿ ತನ್ನ ಕೋಟು ಎಳೆದುಕೊಂಡ ರಭಸಕ್ಕೆ ಅದೇ ಕೊಕ್ಕೆಯಲ್ಲಿದ್ದ ಸ್ಕೂಟರಿನ ಕೀಲಿ ಠಣ್ಣೆಂದು ಕೆಳಗೆ ಬಿತ್ತು. ವಿಮೆಯಕ್ಕ ಎತ್ತಿ ಮತ್ತೆ ತೂಗುಹಾಕಿದಳು.

"ಕೀಲೀನ ಹೀಗೆ ಬಿಟ್ಟಿರ್ತೀರಾ?"

"ಆ ಗಾಡೀನ ಯಾರು ಕದೀತಾರೆ ಬಿಡಿ. ನಮ್ಮಣ್ಣ ಮೆಕ್ಯಾನಿಕ್ಕು, ಪಕ್ಕದ ಬೀದೀಲೇ ಗ್ಯಾರೇಜು. ಅವನೇ ಅದನ್ನ ಗುಜರಿಗೆ ಹಾಕು ಅಂತಾನೆ."

ಕೊಯ್ಯುವ ಯಂತ್ರ ಒಳಗೆಲ್ಲ ಹಿಮ ಕಟ್ಟಿದ ಒಂದು ಪೆಟ್ಟಿಗೆ. ಸಂಶೋಧಕಿ ಕೈಗವಸು ಹಾಕಿ ಹಿಡಿ ತಿರುಗಿಸಿದಳು. ಬ್ಲೇಡಿನ ಮೇಲೆ ಲಿವರಿನ ಪೊರೆ ಸುರುಳಿ ಸುತ್ತುತ್ತಾ ಬಂತು. ಬ್ರಷ್ಷಿನ ತುದಿಯಿಂದ ಅದನ್ನು ಬಿಡಿಸಿ ಗಾಜಿಗೆ ತಾಗಿಸಿದಳು. ಆಮೇಲೆ ಕೆಂಪು ದ್ರಾವಣದಲ್ಲಿ ಮುಳುಗಿಸಿಟ್ಟು ಸ್ಟೂಲಿನ ಮೇಲೆ ಕೂತಳು. ಬಣ್ಣ ಹಿಡಿಯುವವರೆಗೂ ಕಾಯುವುದೇ ಕೆಲಸ.

ಕಾಯುವ ಹೊತ್ತನ್ನು ವಿಮೆಯಕ್ಕ ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ.

"ಒತ್ತಡ, ಒತ್ತಡ ಅಂತೀರಲ್ಲ. ಜೀವಕೋಶಕ್ಕೆ ಎಂಥ ಒತ್ತಡ? ಅದಕ್ಕೇನು ಅತ್ತೆಮನೆ ಕಾಟಾನಾ?"

ಅಷ್ಟು ಆತಂಕದಲ್ಲೂ ಸಂಶೋಧಕಿಗೆ ನಗು ಬಂತು. "ಕೋಶದೊಳಗೆ ಒಂದು ಮಡಿಸೋ ಕೋಣೆ ಇದೆ ಅಂದ್ಕೊಳ್ಳಿ. ಪ್ರೊಟೀನು ಅಲ್ಲಿಗೆ ದಾರದ ಹಾಗೆ ಬರುತ್ತೆ. ಸರಿಯಾಗಿ ಮಡಿಸಿದ್ರೇನೇ ಅದು ಕೆಲಸಕ್ಕೆ ಬರೋದು. ಕೊಬ್ಬು ವಿಪರೀತ ಆದಾಗ ಆ ಕೋಣೆಗೆ ಕೈ ಸಾಗಲ್ಲ. ಮಡಿಸದೇ ಇರೋದು ರಾಶಿ ಬೀಳುತ್ತೆ."

"ನಮ್ಮನೆ ಕುರ್ಚಿ ಮೇಲಿನ ಬಟ್ಟೆ ಥರ."

"ಹಾಗೇ. ಆಗ ಕೋಣೆ ಗಂಟೆ ಬಾರಿಸುತ್ತೆ. ಹೊಸ ಮಾಲು ಕಳಿಸ್ಬೇಡಿ, ಮಡಿಸೋರನ್ನ ಕಳಿಸಿ ಅಂತ. ಸ್ವಲ್ಪ ಹೊತ್ತು ಬಾರಿಸಿದ್ರೆ ಒಳ್ಳೇದೇ, ಕೋಶ ಸುಧಾರಿಸ್ಕೊಳ್ಳುತ್ತೆ. ನಿಲ್ಲದೇ ಬಾರಿಸ್ತಾನೇ ಇದ್ರೆ ಕೋಶ ತನ್ನನ್ನ ತಾನೇ ಕೊಂದ್ಕೊಳ್ಳುತ್ತೆ. ಹಾಗೆ ಸತ್ತ ಕಡೆಯೆಲ್ಲ ಲಿವರು ಗಡುಸಾಗ್ತಾ ಹೋಗುತ್ತೆ. ಕುಡಿಯೋರಿಗೆ ಮಾತ್ರ ಆಗೋದು ಅಂತ ಜನ ಅಂದ್ಕೊಂಡಿದಾರೆ. ನಮ್ಮಣ್ಣ ಒಂದು ತೊಟ್ಟು ಮುಟ್ಟಿದೋನಲ್ಲ. ಗ್ಯಾರೇಜಲ್ಲಿ ಅವನನ್ನ 'ಕುಡಿಯದ ಕುಡುಕ' ಅಂತ ಕರೀತಾರೆ."

"ಈ ಔಷಧ ಅವರಿಗೂ ಕೊಡ್ತೀರಾ?"

"ಇಲ್ಲ. ಕೆಲಸ ಮಾಡೋರ ಮನೆಯವರನ್ನ ಸೇರಿಸೋ ಹಾಗಿಲ್ಲ. ಅವನು ಕಾಲು ಹಿಡಿಯೋದೊಂದು ಬಾಕಿ. 'ಊರಿಗೆಲ್ಲ ಕೊಡ್ತೀಯ, ಒಡಹುಟ್ಟಿದವನಿಗೆ ಇಲ್ವಾ' ಅಂದ. ಅತ್ತಿಗೆ ನನ್ನ ಹತ್ರ ಸರಿಯಾಗಿ ಮಾತಾಡಿ ತಿಂಗಳಾಯ್ತು." ಅವಳು ಕೆಂಪು ದ್ರಾವಣದ ಕಡೆ ನೋಡಿದಳು. "ಈ ಕೆಲಸಕ್ಕೆ ನಾನು ಬಿದ್ದಿದ್ದೇ ಅವನಿಗೋಸ್ಕರ."

"ಔಷಧ ಮಾಡೋದೇನು, ಗಂಟೆ ನಿಲ್ಲಿಸೋದಾ?"

"ಹೂಂ. ಗಂಟೆ ನಿಲ್ಲಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಆ ಪರೀಕ್ಷೆ ನಾನೇ ಮಾಡಿದೀನಿ. ಗಂಟೆ ನಿಂತಿದೆ, ಕೊಬ್ಬೂ ಹೋಗಿದೆ, ಅಂದ್ಮೇಲೆ ಕೋಶ ಚೇತರಿಸ್ಕೊಂಡಿದೆ ಅಂತಲೇ..."



"ಕೊಬ್ಬು ಹೋಗ್ದೇ, ಗಂಟೆ ಮಾತ್ರ ನಿಂತಿದ್ರೆ?" ವಿಮೆಯಕ್ಕ ಮೆಲ್ಲಗೆ ಕೇಳಿದಳು.

ಸಂಶೋಧಕಿ ದ್ರಾವಣದೊಳಗಿನ ಸ್ಲೈಡನ್ನು ಬಗ್ಗಿ ನೋಡಿದಳು.

"ನಾನು ಒಂದು ಬಟ್ಟೆ ಗೋದಾಮು ನೋಡಿದ್ದೆ. ಬೆಂಕಿ ಗಂಟೆ ಪದೇ ಪದೇ ಹೊಡ್ಕೊಳ್ಳುತ್ತೆ ಅಂತ ಯಜಮಾನ ಅದರ ತಂತೀನೇ ಕತ್ತರಿಸಿ ಹಾಕಿದ್ದ. ಗೋದಾಮು ಬೂದಿ ಆಗೋವರೆಗೂ ಅಲ್ಲಿ ಎಲ್ಲರಿಗೂ ಭಾರೀ ನೆಮ್ಮದಿ."

"ರಕ್ತದ ರಿಪೋರ್ಟೂ ಚೆನ್ನಾಗೇ ಬರುತ್ತೆ," ಅಂದಳು ಸಂಶೋಧಕಿ. "ಸ್ವಲ್ಪ ಕಾಲ. ಕೋಶ ಸಾಯೋದು ನಿಧಾನ ಆಗುತ್ತಲ್ಲ. ರೋಗಿಗೂ ಹುಷಾರಾದ ಹಾಗೇ ಅನ್ಸುತ್ತೆ. ಒಳಗೆ ರಾಶಿ ಬೀಳ್ತಾನೇ ಇರುತ್ತೆ. ಒಂದಿನ ಒಟ್ಟಿಗೇ..."

ಅವಳು ಎದ್ದು ಸ್ಲೈಡನ್ನು ತೊಳೆದಳು. ನೀಲಿ ಬಣ್ಣದಲ್ಲಿ ಅದ್ದಿ, ಮತ್ತೆ ತೊಳೆದು, ನೀರಿನ ಅಂಟು ಹಾಕಿ ಮುಚ್ಚಳ ಕೂರಿಸಿದಳು. ಡ್ರಾಯರಿನಿಂದ ಗುಲಾಬಿ ನೇಲ್ ಪಾಲಿಶ್ ತೆಗೆದು ಅಂಚಿಗೆ ಬಳಿದಳು. ಅವಸರಕ್ಕೆ ಬಣ್ಣ ಒಂದು ಕಡೆ ದಪ್ಪಗಾಯಿತು. ಬಾಟಲಿಯನ್ನು ಮೈಕ್ರೋಸ್ಕೋಪಿನ ಪಕ್ಕದಲ್ಲೇ ಮುಚ್ಚಳ ತೆರೆದಂತೆ ಬಿಟ್ಟು ಕಣ್ಣಿಟ್ಟಳು.

ವಿಮೆಯಕ್ಕನೂ ಇನ್ನೊಂದು ಕಡೆಯಿಂದ ಬಗ್ಗಿದಳು.

ಕೆಂಪು. ಔಷಧ ತಿಂದ ಇಲಿಯ ಲಿವರಿನ ತುಂಬ ಕೆಂಪು ಹನಿಗಳು. ಔಷಧ ಇಲ್ಲದ ಇಲಿಯದಕ್ಕೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಇಬ್ಬರೂ ತಕ್ಷಣ ಎದ್ದರು. ಯಾವ ಕಡೆಗೆ ಎಂದು ಒಬ್ಬರನ್ನೊಬ್ಬರು ಕೇಳಬೇಕಾಗಲಿಲ್ಲ.

* * *

ಇಸ್ತ್ರಿ ಮನೆಗೆ ಹೊರಡುವ ಸನ್ನಾಹದಲ್ಲಿದ್ದ. ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದವನು ತಲೆಯೆತ್ತಿ, "ಏನಕ್ಕ, ಸೀಸೆ ನನ್ನ ಜೇಬಲ್ಲಿದೆ ಅಂತ ಸುಳಿವು ಸಿಕ್ತಾ?" ಅಂದ.

ವಿಮೆಯಕ್ಕ ಬಾಗಿಲು ಮುಂದೆ ಮಾಡಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಸಂಶೋಧಕಿ ಎರಡು ಸ್ಲೈಡುಗಳನ್ನು ಅವನ ಮುಂದಿಟ್ಟಳು. ಒಂದಕ್ಕೆ ಗುಲಾಬಿ ಅಂಚು, ಒಂದಕ್ಕಿಲ್ಲ.

"ಒಂದೇ ಇಲಿದು," ಅಂದಳು. "ಇದು ನೀನು ಮಾಡಿದ್ದು. ಇದು ಈಗ ನಾನು ಮಾಡಿದ್ದು."

ಅವನು ಯಾವುದನ್ನೂ ಮೈಕ್ರೋಸ್ಕೋಪಿಗೆ ಹಾಕಲಿಲ್ಲ. ಬೆಳಕಿಗೆ ಹಿಡಿದೂ ನೋಡಲಿಲ್ಲ. ಅದನ್ನು ವಿಮೆಯಕ್ಕ ಗಮನಿಸಿದಳು. ಗೊತ್ತಿಲ್ಲದವನು ನೋಡುತ್ತಾನೆ.

"ಕೈ ಅಭ್ಯಾಸ," ಅಂದ ಇಸ್ತ್ರಿ. ಕುರ್ಚಿಗೆ ಕುಸಿದಾಗ ಅಂಗಿಯ ಎದೆಯ ಮೇಲೆ ಉದ್ದಕ್ಕೆ ಒಂದು ಸುಕ್ಕು ಬಿತ್ತು. "ವರ್ಷಗಟ್ಲೆ ಅದೇ ಕೆಲಸ. ಬಣ್ಣ ಆಯ್ತು, ಸ್ಪಿರಿಟ್ಟು, ಅಂಟು. ತಲೆ ಬೇರೆ ಕಡೆ ಇತ್ತು, ಕೈ ತನ್ನ ಪಾಡಿಗೆ ತಾನು ಮಾಡ್ತು. ಬೇಕಂತ ಮಾಡಿದ್ದಲ್ಲ, ನನ್ನಾಣೆಗೂ."

"ಅದು ನಂಬ್ತೀನಿ. ಗೊತ್ತಾಗಿದ್ದು ಯಾವಾಗ?"

ಅವನು ಪೆನ್ನುಗಳನ್ನು ಮತ್ತೆ ಜೋಡಿಸತೊಡಗಿದ.

"ಯಾವಾಗ ಗೊತ್ತಾಯ್ತು ಅಂತ ಕೇಳ್ದೆ!"

"ಅಂಕಿ ಕಳಿಸಿದ್ಮೇಲೆ. ಟ್ರೇ ಎತ್ತಿಡೋವಾಗ ಅಂಚು ಮುಟ್ದೆ, ಗಟ್ಟಿ ಇತ್ತು. ನಿಂಗೆ ಫೋನ್ ಮಾಡ್ದೆ ಕಣೇ. ನೀನು ಆಸ್ಪತ್ರೇಲಿದ್ದೆ. ನಾನು ಬಾಯಿ ತೆಗೆಯೋ ಮುಂಚೆನೇ ನೀನು ಅಳೋಕೆ ಶುರು ಮಾಡ್ದೆ. ಕೊಬ್ಬು ಹೋಗಿದೆಯಂತೆ, ಅಣ್ಣ ಬದುಕ್ತಾನೆ, ಅಂತ. ಹೇಗೆ ಹೇಳ್ಲಿ?"

"ಬಾಯಲ್ಲಿ ಹೇಳ್ಬೇಕಿತ್ತು."

"ಮೇಷ್ಟ್ರಿಗೆ ಹೇಳ್ದೆ."

ವಿಮೆಯಕ್ಕ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ದೊಡ್ಡ ಮೇಷ್ಟ್ರಿಗೆ ಇದು ಗೊತ್ತಾ?"

"ಹೋದ ತಿಂಗಳೇ ಗೊತ್ತು. ಸ್ಲೈಡೆಲ್ಲ ಮತ್ತೆ ಮಾಡ್ತೀನಿ ಸಾರ್ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ಬೆನ್ನು ತಟ್ಟಿದ್ರು. 'ಮನುಷ್ಯನ ಮೇಲೇ ಕೆಲಸ ಮಾಡ್ತಾ ಇದೆ, ಇಲಿ ಲಿವರ್ ಕಟ್ಕೊಂಡು ಏನಾಗ್ಬೇಕಾಗಿದೆ' ಅಂದ್ರು. ಒಂದು ರಕ್ತದ ರಿಪೋರ್ಟ್ ತೋರಿಸಿದ್ರು. ಎಲ್ಲ ಅಂಕಿನೂ ಇಳಿದಿತ್ತು."

"ಯಾವ ಮನುಷ್ಯ?" ಸಂಶೋಧಕಿಯ ದನಿ ಕೀರಲಾಯಿತು. "ಸೋಮವಾರದವರೆಗೆ ಒಬ್ಬರಿಗೂ ಕೊಡೋ ಹಾಗಿಲ್ಲ. ಯಾರಿಗೆ ಕೊಟ್ಟಿದಾರೆ?"

"ಹೆಸರು ಕಾಣದ ಹಾಗೆ ಹೆಬ್ಬೆರಳಿಂದ ಮುಚ್ಕೊಂಡಿದ್ರು. ಗಂಡಸು. ನಲವತ್ತು ದಾಟಿದೋನು. ಕುಡಿಯೋ ಅಭ್ಯಾಸ ಇಲ್ಲ ಅಂತ ಬರೆದಿತ್ತು. ಅಷ್ಟೇ ಕಂಡಿದ್ದು."

"ಅಂಥವರು ಊರ ತುಂಬ ಇದಾರೆ," ಅಂದಳು ಸಂಶೋಧಕಿ, ಯಾರನ್ನೋ ದೂರ ತಳ್ಳುವವಳಂತೆ.

ವಿಮೆಯಕ್ಕ ಅವಳ ಮುಖ ನೋಡಿ, ಕೇಳಬೇಕೆಂದಿದ್ದ ಪ್ರಶ್ನೆಯನ್ನು ನುಂಗಿಕೊಂಡಳು. ಬದಲಿಗೆ ಇಸ್ತ್ರಿಯ ಕಡೆ ತಿರುಗಿದಳು.

"ಸೀಸೆ ತೆಗೆದಿದ್ದು ನೀವಾ?"

"ಇಲ್ಲಕ್ಕ. ಸ್ಪಿರಿಟ್ಟಿಂದು ನನ್ನ ತಪ್ಪು, ಬಾಯಿ ಮುಚ್ಕೊಂಡಿದ್ದೂ ನನ್ನ ತಪ್ಪು. ಸೀಸೆ ಮುಟ್ಟಿಲ್ಲ. ಮುಟ್ಟಿದ್ರೆ ಒಪ್ಕೊಳ್ತಿದ್ದೆ, ಇನ್ನು ಮುಚ್ಚಿಡೋಕೆ ಏನು ಉಳಿದಿದೆ?"

ಹೇಳುವಾಗ ಅವನು ಅಂಗಿಯ ಸುಕ್ಕನ್ನು ನೇವರಿಸಿ ಸರಿಮಾಡಲಿಲ್ಲ. ಅಷ್ಟು ಸಾಕಾಯಿತು ವಿಮೆಯಕ್ಕನಿಗೆ.

"ಮೇಷ್ಟ್ರಿಗೆ ಫೋನ್ ಮಾಡಿ."

ಸಂಶೋಧಕಿ ಮಾಡಿದಳು. ಫೋನ್ ಸ್ವಿಚ್ ಆಫ್ ಆಗಿತ್ತು. "ಸಮ್ಮೇಳನದಲ್ಲಿರ್ತಾರೆ," ಅಂದ ಇಸ್ತ್ರಿ.

ಇನ್ನೂ ಸಾಕಷ್ಟು ಹೊತ್ತು ಮಾತು ನಡೆಯಿತು. ಸೋಮವಾರದ ಕೆಲಸ ನಿಲ್ಲಿಸಲು ಯಾರಿಗೆ ಹೇಳಬೇಕು, ಯಾರು ಹೇಳಬೇಕು ಎಂದು. ನಾನೇ ಹೇಳುತ್ತೇನೆ ಎಂದು ಇಸ್ತ್ರಿ ಒಪ್ಪಿಕೊಂಡ ಮೇಲೆ ಮೂವರೂ ಹೊರಗೆ ಬಂದರು.

ಪ್ರಯೋಗಾಲಯಕ್ಕೆ ವಾಪಸಾದಾಗ ವಿಮೆಯಕ್ಕ ಬಾಗಿಲಲ್ಲೇ ನಿಂತಳು. ಸಂಶೋಧಕಿ ಕೋಟು ಬಿಚ್ಚಿ ಕೊಕ್ಕೆಗೆ ಹಾಕಿ, ಕೀಲಿ ತೆಗೆದುಕೊಂಡು, ಕೆಂಪು ದ್ರಾವಣ ಮುಚ್ಚಿಡಲು ಹೋದಳು. ಅವಳು ಗಮನಿಸಲಿಲ್ಲ. ನೇಲ್ ಪಾಲಿಶ್ ಮೈಕ್ರೋಸ್ಕೋಪಿನ ಪಕ್ಕದಲ್ಲಿರಲಿಲ್ಲ. ಮೇಜಿನ ಆ ತುದಿಯಲ್ಲಿ, ಕಿಟಕಿಯ ಬಳಿ ಇತ್ತು. ತೆರೆದು ಬಿಟ್ಟಿದ್ದ ಮುಚ್ಚಳವನ್ನು ಯಾರೋ ಬಿಗಿಯಾಗಿ ತಿರುಗಿಸಿದ್ದರು.

ವಿಮೆಯಕ್ಕ ಅದನ್ನು ಎತ್ತಿ ಮೂಸಿದಳು. ಆಮೇಲೆ ಚೀಲಕ್ಕೆ ಹಾಕಿಕೊಂಡಳು.

* * *

ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಸಂಜೆಯ ಬಿಸಿಲು ಅಡ್ಡಡ್ಡ ಬಿದ್ದಿತ್ತು. ಸ್ಕೂಟರಿನ ಪಕ್ಕ ದಪ್ಪನೆಯ ಗಂಡಸೊಬ್ಬ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರ ಒತ್ತಿ ನೋಡುತ್ತಿದ್ದ. ಕೈಯೆಲ್ಲ ಗ್ರೀಸು.

"ಬಂದ್ಯಾ ಪುಟ್ಟಿ?" ಅಂದ ಅವನು ತಂಗಿಯನ್ನು ನೋಡಿ. "ಬ್ರೇಕು ಅನ್ನೋದು ಇದೆಯೇನೇ ಇದರಲ್ಲಿ? ಲಿವರ್ ಕೆಟ್ಟಿರೋದು ನಂಗಾ, ನಿನ್ನ ಗಾಡಿಗಾ?"

"ಅಣ್ಣ, ಇವರು..."

"ಗೊತ್ತಾಯ್ತು ಬಿಡು, ವಿಮೆಯಕ್ಕ. ಇಲಿ ಕಚ್ಚಿತಂತಲ್ಲ ನಿಮ್ಗೆ?" ಅವನು ಎದ್ದು ನಿಂತ. ಏದುಸಿರಿಲ್ಲ, ಮುಖದಲ್ಲಿ ಕಳೆ ಇತ್ತು. "ಪ್ರತಿ ಶನಿವಾರ ನಾನೇ ಬಂದು ಇದನ್ನ ನೋಡ್ಕೊಂಡು ಹೋಗೋದು. ಇನ್ನೊಂದು ಕೀಲಿ ನನ್ನ ಹತ್ರಾನೇ ಇದೆ."

"ಮೈಗೆ ಹೇಗಿದೆ ಈಗ?" ವಿಮೆಯಕ್ಕ ಕೇಳಿದಳು.

"ಫಸ್ಟ್ ಕ್ಲಾಸ್. ರಕ್ತದ ರಿಪೋರ್ಟ್ ನೋಡಿ ಡಾಕ್ಟ್ರೇ ಬೆರಗಾದ್ರು. ಎಲ್ಲ ಇಳಿದಿದೆ." ಅವನು ತಂಗಿಯ ಕಡೆ ಕಣ್ಣು ಮಿಟುಕಿಸಿದ. "ಹೇಗೆ ಅಂತ ಕೆಲವರಿಗೆ ಗೊತ್ತು."

ಸಂಶೋಧಕಿ ಅವನ ಎದುರಿಗೆ ಬಂದಳು.

"ಏನಣ್ಣ ಹಾಗಂದ್ರೆ?"

"ಇವರ ಮುಂದೆ ಹೇಳ್ಬಾರ್ದಾ? ಸರಿ ಬಿಡು."

"ಅಣ್ಣ! ಏನು ತಗೊಳ್ತಿದೀಯ?"

ಅವನು ಗಾಬರಿಯಿಂದ ಇಬ್ಬರನ್ನೂ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ಒಂದು ಸಣ್ಣ ಸೀಸೆ ತೆಗೆದ. ಒಳಗೆ ಬಿಳಿ ಗುಳಿಗೆಗಳು. ಮೇಲೆ ಅಚ್ಚು ಮಾಡಿದ ಚೀಟಿ: ದಿನಕ್ಕೊಂದು, ಯಾರಿಗೂ ಹೇಳಬೇಡ. ಕುತ್ತಿಗೆಯ ಸುತ್ತ ತಿಳಿಗುಲಾಬಿ ಬಣ್ಣದ ಉಂಗುರ.

"ನೀನೇ ಇಡ್ತೀಯಲ್ಲೇ, ಸೀಟಿನ ಕೆಳಗೆ. ಬಾಯಿಬಿಟ್ರೆ ನಿನ್ನ ಕೆಲಸಕ್ಕೆ ಕುತ್ತು ಅಂತ ನಿಮ್ಮ ಅತ್ತಿಗೆಗೂ ಹೇಳಿಲ್ಲ ನಾನು. ಉಪ್ಪಿನ ಡಬ್ಬಿಗೆ ಹಚ್ಚೋ ಬಣ್ಣ, ಗೊತ್ತಾಗಲ್ವಾ ನಂಗೆ? ಇದು ಇವತ್ತಿಂದು, ಈಗಷ್ಟೇ ಸಿಕ್ತು. ಒಂದು ಆಗ್ಲೇ ನುಂಗಿದೆ."

"ನಾನು ಇಟ್ಟಿಲ್ಲ," ಅಂದಳು ಸಂಶೋಧಕಿ. ಅಣ್ಣನ ಗ್ರೀಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಣ್ಣ, ನಾನು ಇಟ್ಟಿಲ್ಲ. ನಡಿ ಆಸ್ಪತ್ರೆಗೆ. ಈಗ್ಲೇ ನಡಿ."

"ತಮಾಷೆ ಮಾಡ್ಬೇಡ್ವೇ."

ವಿಮೆಯಕ್ಕ ಸೀಸೆಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಉಂಗುರವನ್ನು ಹೆಬ್ಬೆರಳಿನಿಂದ ಒತ್ತಿದಳು. ಬಣ್ಣ ದಪ್ಪಗಿದ್ದ ಕಡೆ ಬೆರಳು ಅಂಟಿತು. ಎತ್ತಿದಾಗ ಗುಲಾಬಿಯ ಒಂದು ಎಳೆ ಜೊತೆಗೆ ಬಂತು.

ಇನ್ನೂ ಒಣಗಿರಲಿಲ್ಲ.

ನೇಲ್ ಪಾಲಿಶ್ ಜಾಗ ಬದಲಾಯಿಸಿದ ಹೊತ್ತಿನಲ್ಲಿ ಸಂಶೋಧಕಿ ಇಸ್ತ್ರಿಯ ಮೇಜಿನ ಈಚೆ ಇದ್ದಳು, ಇಸ್ತ್ರಿ ಆಚೆ ಇದ್ದ. ಇಬ್ಬರೂ ವಿಮೆಯಕ್ಕನ ಕಣ್ಣೆದುರೇ ಇದ್ದರು. ಕೊಕ್ಕೆಯ ಕೀಲಿ ತೆಗೆದು, ಇಲ್ಲಿಗೆ ಬಂದು, ಸೀಟಿನ ಕೆಳಗೆ ಸೀಸೆ ಇಟ್ಟು, ಕೀಲಿಯನ್ನು ಮತ್ತೆ ಅದೇ ಕೊಕ್ಕೆಗೆ ಸೇರಿಸಿದ ಕೈ ಅವರಿಬ್ಬರದಲ್ಲ. ಮಹಡಿಯ ಬಾಗಿಲು ತೆರೆಯುವ ಕಾರ್ಡು ಆ ಕೈಯಲ್ಲಿತ್ತು.

ಅವಳು ಕತ್ತೆತ್ತಿ ಕಟ್ಟಡವನ್ನು ನೋಡಿದಳು. ಮೇಲಿನ ಮಹಡಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ದೊಡ್ಡ ಮೇಷ್ಟ್ರ ಕೋಣೆಯ ಗಾಜಿನಾಚೆ ಮಾತ್ರ ಏನೋ ಅಲುಗಾಡುತ್ತಿತ್ತು.

ಫ್ಯಾನು. ಬೀಗ ಹಾಕಿದ್ದ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು.

ಅವಳು ನೋಡುತ್ತಿದ್ದಂತೆಯೇ ಯಾರೋ ಅದನ್ನು ನಿಲ್ಲಿಸಿದರು.